ಉಡುಪಿಯ ಗೇರುಬೀಜ ಲಂಡನ್ನಿಗೆ ಹೋದರೆ ವ್ಯಾಟ್ ಕಟ್ಟಬೇಕಾದವರು ಯಾರು?

ಪ್ರಶ್ನೆ: ಉಡುಪಿಯ ಹತ್ತಿರ ಗೇರುಬೀಜ, ಹಲಸಿನಕಾಯಿ ಚಿಪ್ಸ್, ಹಪ್ಪಳ ಮತ್ತು ಕೈಮಗ್ಗದ ಸೀರೆಗಳ ಸಣ್ಣ ವ್ಯಾಪಾರ ನನ್ನದು. ವರ್ಷದ ವಹಿವಾಟು ಸುಮಾರು 32 ಲಕ್ಷ ರೂಪಾಯಿ. ಜಿಎಸ್‌ಟಿಯಲ್ಲಿ, ವಹಿವಾಟಿನ ಮೇಲೆ ಸಣ್ಣ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿದ್ದೇನೆ. ಇತ್ತೀಚೆಗೆ ದುಬೈ, ಲಂಡನ್, ಫ್ರಾಂಕ್‌ಫರ್ಟ್‌ಗಳಲ್ಲಿರುವ ನಮ್ಮೂರಿನವರು ವಾಟ್ಸ್‌ಆ್ಯಪ್ ಮೂಲಕ ಆರ್ಡರ್ ಕೊಡುತ್ತಿದ್ದಾರೆ. ಕೆಲವರ ಪರವಾಗಿ ಇಲ್ಲಿರುವ ತಂದೆ ತಾಯಿಯೇ ಹಣ ಪಾವತಿಸುತ್ತಾರೆ. ಲಂಡನ್ನಿನ ಗ್ರಾಹಕರೊಬ್ಬರಿಂದ ಕೊರಿಯರ್‌ನವರು ವ್ಯಾಟ್ (ಅಲ್ಲಿನ ಮೌಲ್ಯವರ್ಧಿತ ತೆರಿಗೆ) ಮತ್ತು ಸೇವಾ ಶುಲ್ಕ ಕೇಳಿದ್ದರಿಂದ ಅವರು ಪಾರ್ಸೆಲ್ ಪಡೆಯಲಿಲ್ಲ. ಅದು ಹಿಂದಿರುಗಿ ಬಂತು. ಪೊಟ್ಟಣದ ಮೇಲೆ ‘ಗಿಫ್ಟ್’ ಎಂದು ಬರೆದರೆ ತೊಂದರೆಯಿಲ್ಲ ಎಂದು ಒಬ್ಬರು ಹೇಳಿದರು. ವರ್ಷಕ್ಕೆ 25,000 ಯೂರೊ ತನಕ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯೇ ಇಲ್ಲ ಎಂದು ಜರ್ಮನಿಯಲ್ಲಿರುವ ನನ್ನ ಅಣ್ಣ ಹೇಳುತ್ತಾರೆ. ಇಲ್ಲಿ ಜಿಎಸ್‌ಟಿ, ಅಲ್ಲಿ ವ್ಯಾಟ್, ಎರಡನ್ನೂ ನಾನೇ ಕಟ್ಟಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೇಶಗಳ ಹೆಸರಿದ್ದರೂ ಮೊದಲು ಸರಿಯಾಗಬೇಕಾದದ್ದು ಉಡುಪಿಯಲ್ಲಿಯೇ ಇದೆ. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ರಾಜ್ಯದ ಹೊರಗೆ ಸರಕು ಮಾರುವಂತಿಲ್ಲ ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಮಾರುವವರು ಭಾರತದಲ್ಲಿದ್ದು ಸರಕು ತಲುಪುವ ಸ್ಥಳ ಭಾರತದ ಹೊರಗಿದ್ದರೆ ಅದನ್ನೂ ಅಂತರರಾಜ್ಯ ಮಾರಾಟವೆಂದೇ ಪರಿಗಣಿಸಬೇಕು ಎಂದು ಐಜಿಎಸ್‌ಟಿ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ಎರಡನ್ನೂ ಜೊತೆಯಾಗಿ ಓದಿದರೆ, ಕಾಂಪೊಸಿಷನ್‌ನಲ್ಲಿ ಇದ್ದುಕೊಂಡು ದುಬೈಗೆ ಒಂದು ಕಿಲೋ ಗೇರುಬೀಜ ಮಾರಲೂ ಅವಕಾಶವಿಲ್ಲ. ದುಬೈ ಮಾತು ಹಾಗಿರಲಿ, ತಲಪಾಡಿ ದಾಟಿ ಕಾಸರಗೋಡಿನ ಮನೆಯೊಂದಕ್ಕೆ ಪಾರ್ಸೆಲ್ ಕಳಿಸಿದರೂ ಇದೇ ನಿಯಮ ಅನ್ವಯಿಸುತ್ತದೆ. ಕಾಸರಗೋಡಿನವರು ನಿಮ್ಮ ಅಂಗಡಿಗೆ ಬಂದು ಹಣ ಕೊಟ್ಟು ಚೀಲ ಹಿಡಿದುಕೊಂಡು ಹೋದರೆ, ಮತ್ತು ಬಿಲ್ಲಿನಲ್ಲಿ ಕೇರಳದ ವಿಳಾಸ ನಮೂದಾಗದಿದ್ದರೆ, ಅದು ಕರ್ನಾಟಕದೊಳಗಿನ ಮಾರಾಟವೇ ಆಗುತ್ತದೆ. ಕೊರಿಯರ್‌ಗೆ ಕೊಟ್ಟ ಕ್ಷಣ ಲೆಕ್ಕ ಬದಲಾಗುತ್ತದೆ.

ಹಾಗಾದರೆ ಕಾಂಪೊಸಿಷನ್ ನೋಂದಣಿಯನ್ನೇ ರದ್ದು ಮಾಡಿಸಿ, 40 ಲಕ್ಷ ರೂಪಾಯಿಯ ಮಿತಿಯೊಳಗೆ ನೋಂದಣಿ ಇಲ್ಲದೆ ಇರಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಕೇವಲ ಸರಕು ಮಾರುವವರಿಗೆ 2019ರ ಏಪ್ರಿಲ್ 1ರಿಂದ ದೊರೆತಿರುವ ಆ ಮಿತಿ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ ಸೀಮಿತವಾದದ್ದು. ತೆರಿಗೆಗೆ ಒಳಪಡುವ ಸರಕನ್ನು ರಾಜ್ಯದ ಹೊರಗೆ ಮಾರುವವರು ವಹಿವಾಟು ಎಷ್ಟೇ ಇರಲಿ ನೋಂದಣಿ ಮಾಡಿಸಲೇಬೇಕೆಂಬುದು 24ನೇ ಸೆಕ್ಷನ್ನಿನ ಷರತ್ತು. ನೀವು ಹಪ್ಪಳವೊಂದನ್ನೇ ಮಾರುತ್ತಿದ್ದರೆ ಮಾತು ಬೇರೆಯಿತ್ತು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲದಿರುವುದರಿಂದ, ತೆರಿಗೆಮುಕ್ತ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಾಗುವುದಿಲ್ಲ. ಗೇರುಬೀಜ, ಚಿಪ್ಸ್, ಸೀರೆ ಮೂರೂ ತೆರಿಗೆಗೆ ಒಳಪಟ್ಟವು. ಆದ್ದರಿಂದ ಸಿಎಂಪಿ-04 ನಮೂನೆ ಸಲ್ಲಿಸಿ ಕಾಂಪೊಸಿಷನ್‌ನಿಂದ ಹೊರಬಂದು ಸಾಮಾನ್ಯ ನೋಂದಣಿಗೆ ಬದಲಾಗುವುದೊಂದೇ ನಿಮಗಿರುವ ದಾರಿ. ಹೀಗೆ ಬದಲಾದ ದಿನ ಕೈಯಲ್ಲಿರುವ ದಾಸ್ತಾನಿನ ಮೇಲೆ ನೀವು ಈಗಾಗಲೇ ತೆತ್ತಿರುವ ತೆರಿಗೆಯನ್ನು ಐಟಿಸಿ-01 ನಮೂನೆಯ ಮೂಲಕ ಪಡೆಯಲು ಅವಕಾಶವಿದೆ. ಅದಕ್ಕಿರುವ ಗಡುವು 30 ದಿನ. ಖರೀದಿ ಬಿಲ್ಲುಗಳು ಕ್ರಮವಾಗಿದ್ದರೆ ಈ ಕೆಲಸ ಒಂದು ಮಧ್ಯಾಹ್ನದ್ದು; ಇಲ್ಲವಾದರೆ ಆ ಹಣವನ್ನು ಮರೆಯಬೇಕಾಗುತ್ತದೆ.

ಈವರೆಗೆ ಕಳಿಸಿದ ಪಾರ್ಸೆಲ್‌ಗಳ ವಿಷಯವೂ ಇದೆ. ಅರ್ಹತೆಯಿಲ್ಲದೆ ಕಾಂಪೊಸಿಷನ್‌ನಲ್ಲಿ ಮುಂದುವರಿದವರ ಮೇಲೆ ತೆರಿಗೆ ಮತ್ತು ದಂಡ ವಿಧಿಸಲು ಅಧಿಕಾರಿಗಳಿಗೆ ಅವಕಾಶವಿದೆ. ನೋಟಿಸ್ ಬರುವ ತನಕ ಕಾಯದೆ, ಕೊರಿಯರ್ ರಸೀದಿಗಳನ್ನೂ ಬ್ಯಾಂಕ್ ಪಾವತಿಗಳನ್ನೂ ಜೋಡಿಸಿ ಒಂದು ಪಟ್ಟಿ ಮಾಡಿ ನಿಮ್ಮ ಆಡಿಟರ್ ಮುಂದಿಡಿ. ಯಾವ ದಿನದಿಂದ ಬದಲಾವಣೆ ತೋರಿಸಬೇಕು, ವ್ಯತ್ಯಾಸದ ತೆರಿಗೆ ಎಷ್ಟು ಎಂಬುದನ್ನು ಆ ಪಟ್ಟಿಯಿಲ್ಲದೆ ಯಾರೂ ಹೇಳಲಾರರು.

ಸಾಮಾನ್ಯ ನೋಂದಣಿಗೆ ಬಂದ ಮೇಲೆ ನಿಮ್ಮ ಹೊರೆ ಹೆಚ್ಚುವುದಕ್ಕಿಂತ ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚು. ರಫ್ತಿಗೆ ಭಾರತದಲ್ಲಿ ತೆರಿಗೆಯಿಲ್ಲ; ಐಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಅದನ್ನು ಶೂನ್ಯ ದರದ ಸರಬರಾಜು ಎಂದು ಗುರುತಿಸಿದೆ. ಶೂನ್ಯ ದರಕ್ಕೂ ತೆರಿಗೆ ವಿನಾಯಿತಿಗೂ ಅಂತರವಿದೆ. ವಿನಾಯಿತಿ ಪಡೆದ ಸರಕನ್ನು ದೇಶದೊಳಗೆ ಮಾರಿದಾಗ ಅದಕ್ಕಾಗಿ ನೀವು ಕಟ್ಟಿದ ಇನ್‌ಪುಟ್ ತೆರಿಗೆ (ಖರೀದಿಗೂ ಸೇವೆಗಳಿಗೂ ತೆತ್ತ ಜಿಎಸ್‌ಟಿ) ಹಿಂದೆ ಸಿಗದು. ರಫ್ತಾದಾಗ ಮಾರಾಟದ ಮೇಲೂ ತೆರಿಗೆಯಿಲ್ಲ, ಇನ್‌ಪುಟ್ ತೆರಿಗೆಯೂ ನಿಮಗೇ ಮರಳುತ್ತದೆ. ತೆರಿಗೆಯೇ ಇಲ್ಲದ ಹಪ್ಪಳವನ್ನು ರಫ್ತು ಮಾಡಿದರೂ ಈ ಸೌಲಭ್ಯ ಉಂಟು. ಒಂದು ಉದಾಹರಣೆ ನೋಡೋಣ. ಲಂಡನ್ನಿಗೆ ಹೋಗುವ ಪಾರ್ಸೆಲ್‌ಗೆ ಕೊರಿಯರ್‌ನವರು 3,000 ರೂಪಾಯಿ ಸಾಗಣೆ ಶುಲ್ಕದ ಮೇಲೆ ಶೇ 18ರಂತೆ 540 ರೂಪಾಯಿ ಜಿಎಸ್‌ಟಿ ಹಾಕುತ್ತಾರೆ. ಕಾಂಪೊಸಿಷನ್‌ನಲ್ಲಿರುವ ನಿಮಗೆ ಆ 540 ರೂಪಾಯಿ ಇಂದು ಕೈಬಿಟ್ಟು ಹೋಗುವ ಖರ್ಚು. ತಿಂಗಳಿಗೆ ಇಂಥ 20 ಪಾರ್ಸೆಲ್ ಹೋದರೆ 10,800 ರೂಪಾಯಿ. ಸಾಮಾನ್ಯ ನೋಂದಣಿಯಲ್ಲಿ ಈ ಮೊತ್ತ ಕ್ರೆಡಿಟ್ ಆಗಿ ನಿಮ್ಮ ಖಾತೆಗೆ ಬರುತ್ತದೆ. ಅದನ್ನು ರೀಫಂಡ್ ಆಗಿಯೇ ಕೇಳಬೇಕೆಂದಿಲ್ಲ; ಊರಿನ ಮಾರಾಟಕ್ಕೆ ನೀವು ಕಟ್ಟಬೇಕಾದ ಶೇ 5ರ ತೆರಿಗೆಯಲ್ಲಿ ವಜಾ ಮಾಡಿಕೊಂಡರೆ ಸಾಕು. ಸ್ಥಳೀಯ ಮಾರಾಟವೂ ಇರುವ ಸಣ್ಣ ವ್ಯಾಪಾರಿಗೆ ರೀಫಂಡ್ ಅರ್ಜಿ, ಅದರ ಬೆನ್ನಿಗೆ ಬರುವ ಪ್ರಶ್ನೆಗಳು, ಇವೆಲ್ಲಕ್ಕಿಂತ ಈ ವಜಾ ಪದ್ಧತಿಯೇ ಹಿತವೆಂಬುದು ನನ್ನ ಅಭಿಪ್ರಾಯ.

ತೆರಿಗೆ ಕಟ್ಟದೆ ರಫ್ತು ಮಾಡುವುದಕ್ಕೆ ಮುಂಚಿತವಾಗಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಆರ್‌ಎಫ್‌ಡಿ-11 ನಮೂನೆಯಲ್ಲಿ ಸಲ್ಲಿಸಬೇಕು. ಬಿಲ್ಲಿನಲ್ಲಿ ಎಲ್‌ಯುಟಿ ಅಡಿಯಲ್ಲಿ ರಫ್ತಾಗುತ್ತಿರುವ ಸರಕು ಎಂಬ ಒಕ್ಕಣೆ ಇರಬೇಕು, ಬಿಲ್ಲಿನ ದಿನದಿಂದ ಮೂರು ತಿಂಗಳೊಳಗೆ ಸರಕು ದೇಶ ಬಿಟ್ಟಿರಬೇಕು. ತಪ್ಪಿದರೆ ತೆರಿಗೆಯನ್ನೂ ಶೇ 18ರ ಬಡ್ಡಿಯನ್ನೂ ಕಟ್ಟಬೇಕಾಗುತ್ತದೆ. ಇದರ ಜೊತೆಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಆಮದು ರಫ್ತು ಮಾಡುವವರಿಗೆ ಕೊಡುವ ಐಇಸಿ ಸಂಖ್ಯೆ ಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಶುಲ್ಕ 500 ರೂಪಾಯಿ.

ಕೊರಿಯರ್ ಕೌಂಟರ್‌ನಲ್ಲಿ ಆಗುವ ಒಂದು ಯಡವಟ್ಟಿನ ಬಗ್ಗೆ ಇಲ್ಲಿ ಎಚ್ಚರಿಸಬೇಕು. ವ್ಯಾಪಾರದ ರಫ್ತಿಗೆ ಕೊರಿಯರ್ ಮೂಲಕ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ಎಂಬ ರಫ್ತು ಘೋಷಣೆಯ ನಮೂನೆ ಸಿಎಸ್‌ಬಿ-5. ಸ್ಯಾಂಪಲ್ ಮತ್ತು ಉಡುಗೊರೆಗಳಿಗಿರುವುದು ಸಿಎಸ್‌ಬಿ-4. ಕೌಂಟರ್‌ನಲ್ಲಿರುವವರಿಗೆ ಎರಡನೆಯದು ಸುಲಭ. ಐಇಸಿ ಬೇಡ, ವಿದೇಶಿ ವಿನಿಮಯ ನಿರ್ವಹಿಸುವ ಬ್ಯಾಂಕ್ ಶಾಖೆಯನ್ನು ಗುರುತಿಸುವ ಎಡಿ ಕೋಡ್ ಬೇಡ, ಆಧಾರ್ ಪ್ರತಿ ಕೊಟ್ಟರೆ ಮುಗಿಯಿತು. ಹೀಗೆ ಹೋದ ಪಾರ್ಸೆಲ್ ಸರಿಯಾಗಿಯೇ ತಲುಪುತ್ತದೆ, ಆದರೆ ನಿಮ್ಮ ಜಿಎಸ್‌ಟಿ ರಿಟರ್ನ್‌ನಲ್ಲಿ ಅದನ್ನು ರಫ್ತೆಂದು ತೋರಿಸಲು ಆಧಾರವೇ ಉಳಿಯುವುದಿಲ್ಲ. ಅಂಚೆ ಮೂಲಕ ಕಳಿಸುವುದಾದರೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಎಂಬ ದಾಖಲೆ ಇದೆ. ಅದನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ತುಂಬಲು ಅಂಚೆ ಇಲಾಖೆಯು ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಮೂಲಕ ವ್ಯವಸ್ಥೆ ಮಾಡಿದೆ. ತೂಕ ಕಡಿಮೆಯಿರುವ ಸೀರೆಯಂಥ ಸರಕಿಗೆ ಈ ದಾರಿಯನ್ನು ನಮ್ಮ ಕಡೆಯವರು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ.

ಇನ್ನು, ಇಲ್ಲಿರುವ ತಂದೆ ತಾಯಿ ಹಣ ಕೊಡುವ ಸಂಗತಿ. ಕರಾವಳಿಯಲ್ಲಿ ಇದು ಮಾಮೂಲು: ಮಗ ಲಂಡನ್ನಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಕಳಿಸುತ್ತಾನೆ, ಕಡಿಯಾಳಿಯಲ್ಲೋ ಕುಂದಾಪುರದಲ್ಲೋ ಇರುವ ತಾಯಿ ಗೂಗಲ್ ಪೇ ಮಾಡುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು ಒಂದರಂತೆ ಕಾಣುತ್ತವೆ. ತಾಯಿ ನಿಮ್ಮಿಂದ ಸರಕು ಖರೀದಿಸಿ, ತಮ್ಮ ಕೈಗೆ ತೆಗೆದುಕೊಂಡು, ತಮ್ಮ ಹೆಸರಿನಲ್ಲಿಯೇ ಮಗನಿಗೆ ಕಳಿಸಿದರೆ ನಿಮ್ಮದು ಉಡುಪಿಯೊಳಗಿನ ಮಾರಾಟ. ಬಿಲ್ ತಾಯಿಯ ಹೆಸರಿಗೆ, ಜಿಎಸ್‌ಟಿ ಎಂದಿನಂತೆ. ಬ್ರಿಟನ್ನಿನ ವ್ಯಾಟ್ ಕಾನೂನು ನಿಮ್ಮನ್ನು ಮುಟ್ಟುವುದೇ ಇಲ್ಲ. ಮಗನ ಆರ್ಡರ್‌ಗೆ ನೀವೇ ಪೊಟ್ಟಣ ಕಟ್ಟಿ, ಕಳಿಸುವವರ ಜಾಗದಲ್ಲಿ ನಿಮ್ಮ ಅಂಗಡಿಯ ಹೆಸರು ಬರೆದು, ನೇರ ಲಂಡನ್ನಿಗೆ ರವಾನಿಸಿದರೆ ಅದು ರಫ್ತು, ಮತ್ತು ರಫ್ತಿನ ಹಣ ವಿದೇಶಿ ವಿನಿಮಯ ನಿಯಮಗಳಂತೆ ಬ್ಯಾಂಕಿನ ಮೂಲಕ ಬರಬೇಕು. ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಅವಧಿಯೊಳಗೆ ಆ ಹಣ ಬಂದದ್ದನ್ನು ಶಿಪ್ಪಿಂಗ್ ಬಿಲ್ಲಿಗೆ ಹೊಂದಿಸಿ ತೋರಿಸಬೇಕಾಗುತ್ತದೆ. ತಾಯಿಯ ಉಳಿತಾಯ ಖಾತೆಯಿಂದ ಬಂದ ಯುಪಿಐ ಪಾವತಿ ಅದಕ್ಕೆ ಹೊಂದುವುದಿಲ್ಲ. ಆದ್ದರಿಂದ ಪ್ರತಿ ಆರ್ಡರ್‌ಗೂ ಮೊದಲೇ ನಿರ್ಧರಿಸಿಕೊಳ್ಳಿ: ಖರೀದಿಸುವವರು ಯಾರು, ಕಳಿಸುವವರು ಯಾರು? ಬಿಲ್, ಪಾವತಿ, ಕೊರಿಯರ್ ಚೀಟಿ ಮೂರೂ ಒಂದೇ ಉತ್ತರ ಹೇಳುವಂತಿರಲಿ.

ಈಗ ಗಡಿಯಾಚೆಗೆ ಬರೋಣ. ಮೌಲ್ಯವರ್ಧಿತ ತೆರಿಗೆಯನ್ನು ಸರಕು ಬಳಕೆಯಾಗುವ ದೇಶ ವಸೂಲಿ ಮಾಡಬೇಕೆಂಬುದು ಬಹುತೇಕ ದೇಶಗಳು ಒಪ್ಪಿರುವ ತತ್ವ. ಭಾರತ ರಫ್ತಿನ ಮೇಲಿನ ತೆರಿಗೆಯನ್ನು ಕಳೆದು ಕಳಿಸುತ್ತದೆ, ತಲುಪುವ ದೇಶ ತನ್ನ ಜನರು ತಮ್ಮಲ್ಲೇ ಖರೀದಿಸಿದರೆ ಎಷ್ಟು ತೆರುತ್ತಿದ್ದರೋ ಅಷ್ಟನ್ನು ಹಾಕುತ್ತದೆ. ಹೀಗಾಗಿ ಎರಡು ಕಡೆ ತೆರಿಗೆ ಎಂಬ ನಿಮ್ಮ ಭಯಕ್ಕೆ ಕಾರಣವಿಲ್ಲ. ಉಳಿಯುವ ಪ್ರಶ್ನೆ, ಆ ದೇಶದ ತೆರಿಗೆಯನ್ನು ಅಲ್ಲಿನ ಖಜಾನೆಗೆ ತಲುಪಿಸುವವರು ಯಾರು ಎಂಬುದು. ಅದಕ್ಕೆ ದೇಶಕ್ಕೊಂದು ಉತ್ತರವಿದೆ, ಮತ್ತು ನಿಮ್ಮ ಮೂರು ಊರುಗಳು ಮೂರು ಬಗೆಯವು.

ಅದಕ್ಕೂ ಮೊದಲು ನಿಮ್ಮ ಅಣ್ಣನ ಮಾತು. ಅವರು ಹೇಳಿದ್ದು ಸುಳ್ಳಲ್ಲ; ಜರ್ಮನಿಯಲ್ಲಿ ಹಿಂದಿನ ವರ್ಷದ ವಹಿವಾಟು 25,000 ಯೂರೊ ಮೀರದ ಸಣ್ಣ ವ್ಯಾಪಾರಿಗೆ ವ್ಯಾಟ್ ವಿಧಿಸದಿರುವ ಅವಕಾಶ 2025ರಿಂದ ಇದೆ. ಅದು ಅಲ್ಲಿ ಅಥವಾ ಐರೋಪ್ಯ ಒಕ್ಕೂಟದಲ್ಲಿ ನೆಲೆಸಿ ವ್ಯಾಪಾರ ಮಾಡುವವರಿಗೆ. ಬ್ರಿಟನ್ನಿನ 90,000 ಪೌಂಡ್ ಮಿತಿಯೂ ಹಾಗೆಯೇ. ಅಲ್ಲಿ ನೆಲೆಯಿಲ್ಲದ ವ್ಯಾಪಾರಿಗೆ ಆ ಮಿತಿ 2012ರ ಡಿಸೆಂಬರ್‌ನಿಂದ ಇಲ್ಲ. ಉಡುಪಿಯಲ್ಲಿ ಕುಳಿತವರಿಗೆ ಅಲ್ಲಿನ ಕಾನೂನು ಕೊಡುವ ಮಿತಿ ಸೊನ್ನೆ, ಅಂದರೆ ಮೊದಲ ಪೌಂಡಿನಿಂದಲೇ ಹೊಣೆ. ಸಣ್ಣವರಿಗೆಂದು ಮಾಡಿದ ರಿಯಾಯಿತಿ ನಮ್ಮ ಸಣ್ಣವರಿಗೆ ಸಿಗದಿರುವುದು ಅನ್ಯಾಯವೆಂದು ತೋರಬಹುದು, ಆದರೆ ಅಲ್ಲಿನ ಕಿರಾಣಿ ಅಂಗಡಿಯವನ ದೃಷ್ಟಿಯಿಂದ ನೋಡಿದರೆ ಅದಕ್ಕೂ ಒಂದು ಕಾರಣವಿದೆ. ಎಲ್ಲ ದೇಶಗಳೂ ಹೀಗಲ್ಲ: ಆಸ್ಟ್ರೇಲಿಯಾ ತನ್ನ 75,000 ಡಾಲರ್ ಮಿತಿಯನ್ನು ಹೊರದೇಶದವರಿಗೂ ಕೊಟ್ಟಿದೆ. ಸಿಂಗಪುರದಲ್ಲಿ ಹೊರದೇಶದ ಮಾರಾಟಗಾರರು ನೋಂದಣಿ ಮಾಡಿಸಬೇಕಾದರೆ ಜಾಗತಿಕ ವಹಿವಾಟು ಹತ್ತು ಲಕ್ಷ ಸಿಂಗಪುರ ಡಾಲರ್ ಮತ್ತು ಅಲ್ಲಿನ ಗ್ರಾಹಕರಿಗೆ ಮಾಡಿದ ಮಾರಾಟ ಒಂದು ಲಕ್ಷ ಡಾಲರ್ ದಾಟಿರಬೇಕು. ಈ ಎರಡು ದೇಶಗಳಿಗೆ ಹೋಗುವ ಚಿಲ್ಲರೆ ಪಾರ್ಸೆಲ್‌ಗಳ ಬಗ್ಗೆ ನೀವು ನಿಶ್ಚಿಂತರಾಗಿರಬಹುದು.

ಲಂಡನ್ನಿನದೇ ಕಷ್ಟದ ಪ್ರಕರಣ. 2021ರ ಜನವರಿ 1ರಿಂದ, ಒಟ್ಟು ಬೆಲೆ 135 ಪೌಂಡ್ ಮೀರದ ಪಾರ್ಸೆಲ್‌ಗೆ ಗಡಿಯಲ್ಲಿ ವ್ಯಾಟ್ ವಸೂಲಿ ಮಾಡುವುದನ್ನು ಬ್ರಿಟನ್ ಕೈಬಿಟ್ಟು, ಮಾರಾಟದ ವೇಳೆಯಲ್ಲಿಯೇ ಮಾರುವವರು ವ್ಯಾಟ್ ಸೇರಿಸಿ ಪಡೆದು ಅಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕಟ್ಟಬೇಕೆಂದು ನಿಯಮ ಮಾಡಿತು. ಅಮೆಜಾನ್, ಎಟ್ಸಿಯಂಥ ಮಾರುಕಟ್ಟೆ ತಾಣದ ಮೂಲಕ ಮಾರಿದರೆ ಈ ಹೊಣೆ ಆ ತಾಣದ್ದು. ವಾಟ್ಸ್‌ಆ್ಯಪ್‌ನಲ್ಲಿ ನೀವೇ ಮಾರಿದರೆ ಹೊಣೆ ನಿಮ್ಮದು, ಅದಕ್ಕೆ ಅಲ್ಲಿ ನೋಂದಣಿ ಬೇಕು. ಪಾರ್ಸೆಲ್ಲಿನ ಮೌಲ್ಯ 135 ಪೌಂಡ್ ದಾಟಿದರೆ ಹಳೆಯ ಕ್ರಮವೇ: ಗಡಿಯಲ್ಲಿ ಆಮದು ವ್ಯಾಟ್, ಸುಂಕ ಲೆಕ್ಕ ಹಾಕಿ ಪಡೆಯುವವರಿಂದ ವಸೂಲಿ ಮಾಡುತ್ತಾರೆ, ನಿಮಗೆ ಅಲ್ಲಿ ನೋಂದಣಿ ಬೇಡ. ಈ ಮಿತಿ ಇಡೀ ಪಾರ್ಸೆಲ್ಲಿಗೆ ಅನ್ವಯಿಸುತ್ತದೆ, ಒಂದೊಂದು ವಸ್ತುವಿಗಲ್ಲ. ಸಾಗಣೆ ವೆಚ್ಚವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದ್ದರೆ ಅದು ಈ 135ರಲ್ಲಿ ಸೇರದು. ನಿಮ್ಮ ಗ್ರಾಹಕರು ಹಿಂದಿರುಗಿಸಿದ ಪಾರ್ಸೆಲ್ 135 ಪೌಂಡಿನೊಳಗಿನದಾಗಿದ್ದರೆ, ಕೊರಿಯರ್‌ನವರು ಅವರಿಂದ ಕೇಳಿದ ವ್ಯಾಟ್ ಕಾನೂನಿನ ಪ್ರಕಾರ ನೀವು ಮೊದಲೇ ಸೇರಿಸಿ ಕಟ್ಟಬೇಕಾಗಿದ್ದ ಹಣ. ಗ್ರಾಹಕರ ಸಿಟ್ಟಿಗೆ ಅರ್ಥವಿದೆ.

ದರದ ವಿಷಯದಲ್ಲಿ ಬ್ರಿಟನ್ನಿನ ಕಾನೂನು ನಿಮ್ಮಂಥ ತಿಂಡಿ ವ್ಯಾಪಾರಿಗಳಿಗೆ ಓದಲೇಬೇಕಾದಷ್ಟು ಸೂಕ್ಷ್ಮವಾಗಿದೆ. ಅಲ್ಲಿ ಸಾಮಾನ್ಯ ದರ ಶೇ 20. ಹೆಚ್ಚಿನ ಆಹಾರ ಪದಾರ್ಥಗಳಿಗೆ ಶೂನ್ಯ ದರ. ಸಿಪ್ಪೆ ತೆಗೆದ ಬಿಳಿ ಗೇರುಬೀಜಕ್ಕೆ ಶೂನ್ಯ. ಅದನ್ನೇ ಹುರಿದರೆ ಅಥವಾ ಉಪ್ಪು ಹಾಕಿದರೆ ಶೇ 20. ಆಲೂಗಡ್ಡೆ ಚಿಪ್ಸ್‌ಗೆ ಶೇ 20 ಇದ್ದರೆ ಹಲಸಿನಕಾಯಿಯಂಥ ಬೇರೆ ಕಾಯಿಯ ಚಿಪ್ಸ್ ಶೂನ್ಯ ದರದಿಂದ ಹೊರಗಿಟ್ಟ ತಿಂಡಿಗಳ ಪಟ್ಟಿಯಲ್ಲಿ ಬರುವುದಿಲ್ಲ, ಹಾಗಾಗಿ ಅದಕ್ಕೆ ಶೂನ್ಯ. ಹಪ್ಪಳದ ಮೇಲೂ ಅಲ್ಲಿ ಮೊಕದ್ದಮೆ ನಡೆದಿದೆ: ವಾಕರ್ಸ್ ಕಂಪನಿ ತನ್ನ ಪೊಟ್ಟಣದ ‘ಪಾಪಡಂ’ ತಿಂಡಿಗೆ ಶೂನ್ಯ ದರ ಕೇಳಿದಾಗ, ಅದರಲ್ಲಿದ್ದ ಆಲೂಗಡ್ಡೆಯ ಅಂಶವನ್ನು ಎತ್ತಿ ತೋರಿಸಿ ಅದು ಚಿಪ್ಸ್ ಜಾತಿಯದ್ದೇ ಎಂದು ತೆರಿಗೆ ನ್ಯಾಯಮಂಡಳಿ 2024ರಲ್ಲಿ ತೀರ್ಪು ಕೊಟ್ಟಿತು. ನೀವು ಕಳಿಸುವ ಉದ್ದಿನ ಹಪ್ಪಳ ಮನೆಯಲ್ಲಿ ಕರಿದು ತಿನ್ನಬೇಕಾದದ್ದು, ಆದ್ದರಿಂದ ಆ ತೀರ್ಪು ಅದಕ್ಕೆ ತಗುಲದು. ಸೀರೆಗೆ ಶೇ 20, ಮಕ್ಕಳ ಬಟ್ಟೆಗೆ ಶೂನ್ಯ.

ಇದರ ಪರಿಣಾಮವನ್ನು ಒಂದೇ ಪಾರ್ಸೆಲ್ಲಿನಲ್ಲಿ ನೋಡಬಹುದು. 40 ಪೌಂಡಿನ ಉಪ್ಪು ಗೇರುಬೀಜ ಮತ್ತು 60 ಪೌಂಡಿನ ಸೀರೆ ಕಳಿಸಿದರೆ, ಸಾಗಣೆ ವೆಚ್ಚ ಬದಿಗಿಟ್ಟು, ವ್ಯಾಟ್ 20 ಪೌಂಡ್. ಉಪ್ಪಿನ ಬದಲು ಬಿಳಿ ಬೀಜ ಹಾಕಿದರೆ ಸೀರೆಯ ಮೇಲಿನ 12 ಪೌಂಡ್ ಮಾತ್ರ. ಕಸ್ಟಮ್ಸ್ ಚೀಟಿಯಲ್ಲಿ ‘ಕ್ಯಾಶ್ಯೂ’ ಎಂದಷ್ಟೇ ಬರೆಯುವ ಬದಲು, ಬಿಳಿ ಬೀಜಕ್ಕೆ ಕಸ್ಟಮ್ಸ್ ವರ್ಗೀಕರಣದ 0801ರ ಕೋಡನ್ನೂ ಹುರಿದು ಉಪ್ಪು ಹಾಕಿದ್ದಕ್ಕೆ 2008ರ ಕೋಡನ್ನೂ ಬೇರೆಬೇರೆಯಾಗಿ, ತೂಕ ಮತ್ತು ಬೆಲೆ ಸಹಿತ ನಮೂದಿಸಬೇಕು. ಒಂದೇ ಸಾಲಿನಲ್ಲಿ ‘ಫುಡ್ ಐಟಮ್ಸ್ ಆ್ಯಂಡ್ ಸಾರಿ’ ಎಂದು ಬರೆದ ಪೊಟ್ಟಣದ ಮೇಲೆ ಅಲ್ಲಿನವರು ಶೂನ್ಯ ದರ ಹುಡುಕುತ್ತಾ ಕೂರುವುದಿಲ್ಲ; ಎಲ್ಲದಕ್ಕೂ ಶೇ 20 ಹಾಕುತ್ತಾರೆ. ನೀವು ಶೂನ್ಯ ದರದ ಆಹಾರವನ್ನಷ್ಟೇ ಕಳಿಸುವವರಾದರೆ ನೋಂದಣಿಯಿಂದ ವಿನಾಯಿತಿ ಕೊಡಿ ಎಂದು ಎಚ್‌ಎಂಆರ್‌ಸಿಯನ್ನು ಕೇಳಲೂ ಅವಕಾಶವಿದೆ.

ಫ್ರಾಂಕ್‌ಫರ್ಟ್ ಇದಕ್ಕಿಂತ ಸುಲಭ. ಐರೋಪ್ಯ ಒಕ್ಕೂಟವು 22 ಯೂರೊ ತನಕ ಇದ್ದ ಆಮದು ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಂದು ರದ್ದುಪಡಿಸಿದ್ದರಿಂದ ಈಗ ಎಷ್ಟೇ ಚಿಕ್ಕ ಪಾರ್ಸೆಲ್ಲಿಗೂ ವ್ಯಾಟ್ ಉಂಟು. ಜರ್ಮನಿಯಲ್ಲಿ ಸಾಮಾನ್ಯ ದರ ಶೇ 19, ಹೆಚ್ಚಿನ ಆಹಾರಕ್ಕೆ ಶೇ 7. ಅದೇ ದಿನ ಐಒಎಸ್‌ಎಸ್ ಎಂಬ ವ್ಯವಸ್ಥೆಯೂ ಬಂತು. ಅದರಲ್ಲಿ ನೋಂದಾಯಿಸಿಕೊಂಡವರು 150 ಯೂರೊ ತನಕದ ಪಾರ್ಸೆಲ್‌ಗಳ ವ್ಯಾಟನ್ನು ಗ್ರಾಹಕರಿಂದ ಮೊದಲೇ ಪಡೆದು, ಎಲ್ಲ ಸದಸ್ಯ ರಾಷ್ಟ್ರಗಳ ಲೆಕ್ಕವನ್ನೂ ತಿಂಗಳಿಗೊಂದು ರಿಟರ್ನ್‌ನಲ್ಲಿ ಒಂದೇ ದೇಶಕ್ಕೆ ಸಲ್ಲಿಸಬಹುದು. ಆದರೆ ಬ್ರಿಟನ್ನಿನಂತೆ ಇದು ಕಡ್ಡಾಯವಲ್ಲ. ನೋಂದಾಯಿಸದಿದ್ದರೆ ವ್ಯಾಟನ್ನು ಅಂಚೆ ಅಥವಾ ಕೊರಿಯರ್‌ನವರು ಪಡೆಯುವವರಿಂದ ವಸೂಲಿ ಮಾಡಿ ಕಟ್ಟುತ್ತಾರೆ, ಜೊತೆಗೆ ತಮ್ಮ ಸೇವಾ ಶುಲ್ಕವನ್ನೂ ಹಾಕುತ್ತಾರೆ. ಭಾರತದ ವ್ಯಾಪಾರಿ ಐಒಎಸ್‌ಎಸ್ ಸೇರಬೇಕಾದರೆ ಅಲ್ಲಿ ನೆಲೆಯಿರುವ ಮಧ್ಯವರ್ತಿಯೊಬ್ಬರನ್ನು ನೇಮಿಸಿಕೊಳ್ಳಬೇಕು. ತೆರಿಗೆಯ ಬಾಕಿಗೆ ಅವರೂ ಹೊಣೆಗಾರರಾಗುವುದರಿಂದ ಅವರು ಪುಕ್ಕಟೆಗೆ ಬರುವುದಿಲ್ಲ. ತಿಂಗಳಿಗೆ ನಾಲ್ಕಾರು ಪಾರ್ಸೆಲ್ ಹೋಗುವ ನಿಮ್ಮಂಥವರಿಗೆ ಅದು ಲಾಭದ ಮಾತಲ್ಲ. ಆರ್ಡರ್ ಪಡೆಯುವಾಗಲೇ, ಅಲ್ಲಿನ ವ್ಯಾಟ್ ಮತ್ತು ಕೊರಿಯರ್‌ನ ಶುಲ್ಕವನ್ನು ಪಾರ್ಸೆಲ್ ತಲುಪುವಾಗ ನೀವೇ ಕೊಡಬೇಕಾಗುತ್ತದೆ, ಅಂದಾಜು ಇಷ್ಟಾಗಬಹುದು ಎಂದು ಬರೆದು ತಿಳಿಸಿ ಒಪ್ಪಿಗೆ ಪಡೆದರೆ ಸಾಕು. ಇದರ ಮೇಲೆ, 150 ಯೂರೊ ಒಳಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿಯ ಬದಲಿಗೆ, 2026ರ ಜುಲೈ 1ರಿಂದ ಅದರೊಳಗಿನ ಪ್ರತಿ ಬಗೆಯ ಸರಕಿಗೆ 3 ಯೂರೊ ಸುಂಕ ಹಾಕಲು ಸದಸ್ಯ ರಾಷ್ಟ್ರಗಳು 2025ರ ಡಿಸೆಂಬರ್‌ನಲ್ಲಿ ಒಪ್ಪಿವೆ. ಒಂದೇ ಪೊಟ್ಟಣದಲ್ಲಿ ನಾಲ್ಕು ಬಗೆಯ ತಿಂಡಿ ತುಂಬುವವರು ಇದನ್ನು ಗಮನದಲ್ಲಿಡಬೇಕು.

ದುಬೈ ವಿಚಾರ ಚಿಕ್ಕದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2018ರ ಜನವರಿ 1ರಿಂದ ಶೇ 5ರ ವ್ಯಾಟ್ ಇದೆ. ಹೊರಗಿನಿಂದ ಬರುವ ಸರಕಿಗೆ ಅದನ್ನು ಗಡಿಯಲ್ಲಿ ಆಮದು ಮಾಡಿಕೊಳ್ಳುವವರ ಹೆಸರಿನಲ್ಲಿ ವಸೂಲಿ ಮಾಡಲಾಗುತ್ತದೆ. ಪಡೆಯುವವರೇ ಆಮದುದಾರರಾಗಿರುವ ತನಕ ನಿಮಗೆ ಅಲ್ಲಿ ನೋಂದಣಿಯ ಗೊಡವೆಯಿಲ್ಲ. ಗಲ್ಫ್ ಎಂದರೆ ಎಲ್ಲ ಕಡೆ ಒಂದೇ ದರ ಎಂದು ಭಾವಿಸಬೇಡಿ: ಸೌದಿ ಅರೇಬಿಯಾದಲ್ಲಿ 2020ರ ಜುಲೈನಿಂದ ಶೇ 15, ಬಹರೈನ್‌ನಲ್ಲಿ 2022ರಿಂದ ಶೇ 10, ಒಮಾನ್‌ನಲ್ಲಿ ಶೇ 5, ಕತಾರ್ ಮತ್ತು ಕುವೈತ್‌ನಲ್ಲಿ ವ್ಯಾಟ್ ಇನ್ನೂ ಬಂದಿಲ್ಲ. ಬಿಡಿ ಗ್ರಾಹಕರ ಬದಲಿಗೆ ದುಬೈನ ಕರಾಮದಂಥ ಕಡೆ ಇರುವ, ವ್ಯಾಟ್ ನೋಂದಣಿಯುಳ್ಳ ಕಿರಾಣಿ ಅಂಗಡಿಯೊಂದಕ್ಕೆ ತಿಂಗಳಿಗೊಮ್ಮೆ ಒಟ್ಟಿಗೆ ಮಾರಲು ನಿಮಗೆ ಸಾಧ್ಯವಾದರೆ ಇನ್ನೂ ಒಳ್ಳೆಯದು. ಆಮದು ವ್ಯಾಟನ್ನು ಆ ಅಂಗಡಿ ತನ್ನ ರಿಟರ್ನ್‌ನಲ್ಲಿಯೇ ತೋರಿಸಿ ಹೊಂದಿಸಿಕೊಳ್ಳುತ್ತದೆ, ನೀವು ಇಪ್ಪತ್ತು ಪಾರ್ಸೆಲ್‌ಗೆ ಬದಲಾಗಿ ಒಂದೇ ಶಿಪ್ಪಿಂಗ್ ಬಿಲ್ ಮಾಡಿದರೆ ಮುಗಿಯುತ್ತದೆ. ನೀವು ಕೇಳದಿದ್ದರೂ ಒಂದು ಮಾತು: ಅಮೆರಿಕದಲ್ಲಿ ವ್ಯಾಟ್ ಇಲ್ಲ, ಆದರೆ 800 ಡಾಲರ್ ತನಕದ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಂದು ಕೊನೆಗೊಂಡಿದೆ, ಅಲ್ಲಿಂದ ಆರ್ಡರ್ ಬಂದರೆ ಆ ದಿನದ ಸುಂಕದ ದರ ವಿಚಾರಿಸದೆ ಬೆಲೆ ಹೇಳಬೇಡಿ.

‘ಗಿಫ್ಟ್’ ಎಂದು ಬರೆಯುವ ಸಲಹೆಯನ್ನು ದಯವಿಟ್ಟು ಕೈಬಿಡಿ. ಉಡುಗೊರೆಗೆ ವಿನಾಯಿತಿ ಇರುವುದು ನಿಜ, ಬ್ರಿಟನ್ನಿನಲ್ಲಿ 39 ಪೌಂಡ್, ಐರೋಪ್ಯ ಒಕ್ಕೂಟದಲ್ಲಿ 45 ಯೂರೊ ತನಕ. ಅದು ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬರಿಗೆ ಹಣ ಪಡೆಯದೆ ಕಳಿಸಿದ್ದಕ್ಕೆ ಮಾತ್ರ. ಅಂಗಡಿಯಿಂದ ಹಣಕ್ಕೆ ಮಾರಿದ್ದು ಯಾವ ಚೀಟಿ ಅಂಟಿಸಿದರೂ ಉಡುಗೊರೆಯಾಗದು. ಪೊಟ್ಟಣದ ಒಳಗೆ ನಿಮ್ಮದೇ ಲೇಬಲ್, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವಾಗ ಹೊರಗೆ ಉಡುಗೊರೆ ಎಂದು ಬರೆದರೆ ಕಸ್ಟಮ್ಸ್‌ನವರು ಬಿಚ್ಚಿ ನೋಡಿದ ಕೂಡಲೇ ಸಂಗತಿ ಬಯಲಾಗುತ್ತದೆ, ಸಿಕ್ಕಿಬೀಳುವವರು ಅಲ್ಲಿನ ಗ್ರಾಹಕರು. ಇಲ್ಲಿಯೂ ನಷ್ಟವೇ, ಉಡುಗೊರೆಯೆಂದು ಹೋದದ್ದನ್ನು ನೀವು ರಫ್ತೆಂದು ತೋರಿಸಿ ಆ 540 ರೂಪಾಯಿಯ ಕ್ರೆಡಿಟ್ ಪಡೆಯುವುದು ಹೇಗೆ? ಬೆಲೆಯನ್ನು ಅರ್ಧಕ್ಕಿಳಿಸಿ ಬರೆಯುವುದೂ ಇದೇ ಜಾತಿಯ ಜಾಣತನ, ಪಾರ್ಸೆಲ್ ಕಳೆದುಹೋದರೆ ವಿಮೆಯೂ ಆ ಅರ್ಧಕ್ಕೇ ಸಿಗುತ್ತದೆ.

ಇಷ್ಟರ ಮೇಲೆ ನೀವು ಏನು ಮಾಡಬೇಕೆಂದು ನನ್ನನ್ನು ಕೇಳಿದರೆ, ಲಂಡನ್ನಿನಲ್ಲಿ ನೇರ ನೋಂದಣಿಗೆ ಈಗಲೇ ಕೈಹಾಕಬೇಡಿ ಎನ್ನುತ್ತೇನೆ. ನೋಂದಾಯಿಸಿದರೆ ಮೂರು ತಿಂಗಳಿಗೊಮ್ಮೆ ರಿಟರ್ನ್, ಪೌಂಡಿನಲ್ಲಿ ಪಾವತಿ, ಅಲ್ಲಿನ ಲೆಕ್ಕಿಗರ ಶುಲ್ಕ, ಇವೆಲ್ಲ ನಿಮ್ಮ ಅಳತೆಗೆ ಮೀರಿದವು. ಬಿಡಿ ಆರ್ಡರ್‌ಗಳನ್ನು ಮಾರುಕಟ್ಟೆ ತಾಣದ ಮೂಲಕ ಪಡೆಯಿರಿ. ಕಮಿಷನ್ ಹೋದರೂ ವ್ಯಾಟ್ ಹೊಣೆ ಅವರದಾಗುತ್ತದೆ. ಇಲ್ಲವೇ ಒಬ್ಬರೇ ಗ್ರಾಹಕರು ಮನೆಯ ಅಗತ್ಯಕ್ಕೆ ಒಟ್ಟಾಗಿ ಖರೀದಿಸಿ ಪಾರ್ಸೆಲ್ ನಿಜವಾಗಿಯೂ 135 ಪೌಂಡ್ ಮೀರುವಂತಿದ್ದರೆ ಅಂಥ ಆರ್ಡರ್‌ಗಳನ್ನು ಮಾತ್ರ ನೇರವಾಗಿ ತೆಗೆದುಕೊಳ್ಳಿ. ತಾಣದ ಕಂಪನಿ ವಿದೇಶದ್ದಾಗಿ ಕಮಿಷನ್ನಿನ ಬಿಲ್ ಹೊರಗಿನಿಂದ ಬರುವುದಾದರೆ ಆ ಕಮಿಷನ್ನಿನ ಮೇಲೆ ಇಲ್ಲಿ ನೀವೇ ರಿವರ್ಸ್ ಚಾರ್ಜ್ ಪ್ರಕಾರ ಶೇ 18ರ ಜಿಎಸ್‌ಟಿಯನ್ನು ನಗದಾಗಿ ಕಟ್ಟಿ ಅನಂತರ ಕ್ರೆಡಿಟ್ ಪಡೆಯಬೇಕಾಗುತ್ತದೆ. ಇದನ್ನು ಮರೆತು ನೋಟಿಸ್ ಪಡೆಯುವವರು ಕಡಿಮೆಯಿಲ್ಲ. ಅಂಥ ತಾಣಗಳು ನಿಮ್ಮ ಸರಕನ್ನು ಬ್ರಿಟನ್ ಅಥವಾ ಜರ್ಮನಿಯಲ್ಲಿರುವ ತಮ್ಮ ಗೋದಾಮಿನಲ್ಲಿಡುವ ಆಮಿಷವನ್ನೂ ಒಡ್ಡುತ್ತವೆ. ಸರಕು ಅಲ್ಲಿನ ನೆಲದಲ್ಲಿ ನಿಮ್ಮ ಹೆಸರಿನಲ್ಲಿ ಕುಳಿತರೆ, ಒಂದು ಪೆಟ್ಟಿಗೆಯಾದರೂ ಸರಿ, ಆ ದೇಶದ ವ್ಯಾಟ್ ನೋಂದಣಿ ನಿಮಗೆ ಅನಿವಾರ್ಯವಾಗುತ್ತದೆ. ಹಾಗೆ ಕೇಳಿದವರಿಗೆ ಸದ್ಯಕ್ಕೆ ಬೇಡವೆಂದು ಹೇಳಿ.

ಕೆಲಸಗಳನ್ನು ಈ ಕ್ರಮದಲ್ಲಿ ಮಾಡಿಕೊಳ್ಳಿ: ಮೊದಲು ಕಾಂಪೊಸಿಷನ್‌ನಿಂದ ಹೊರಬರುವುದು, ಅನಂತರ ಐಇಸಿ ಮತ್ತು ಬ್ಯಾಂಕಿನ ಎಡಿ ಕೋಡ್, ಆಮೇಲೆ ಎಲ್‌ಯುಟಿ, ಅದರ ನಂತರವಷ್ಟೇ ಮುಂದಿನ ಪಾರ್ಸೆಲ್. ಎಲ್‌ಯುಟಿ ಆ ಹಣಕಾಸು ವರ್ಷಕ್ಕೆ ಮಾತ್ರ ಸಲ್ಲುವಂಥದ್ದು, ಮಾರ್ಚ್ 31ಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಏಪ್ರಿಲ್‌ನ ಮೊದಲ ರಫ್ತು ಬಿಲ್ ಬರೆಯುವ ಮುನ್ನ ಹೊಸದನ್ನು ಸಲ್ಲಿಸಿ, ಮತ್ತು ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ವಿವರಗಳನ್ನೂ ಪೋರ್ಟಲ್‌ನಲ್ಲಿ ಒಮ್ಮೆ ದೃಢೀಕರಿಸಿ; ಬದಲಾವಣೆ ಏನೂ ಇಲ್ಲದಿದ್ದರೂ ಇದನ್ನು ಮಾಡಬೇಕು, ಇಲ್ಲವಾದರೆ ಐಇಸಿ ನಿಷ್ಕ್ರಿಯಗೊಂಡು ಪಾರ್ಸೆಲ್ ಕೊರಿಯರ್ ಕೇಂದ್ರದಲ್ಲಿಯೇ ಉಳಿಯುತ್ತದೆ.